ಮಜ್ಜಿಗೆಯ ಬೇಸಿಗೆ, ಕಾಲು ನೋಡುವ ಬೇಸಿಗೆ

೧೯೫೨ರಲ್ಲಿ ನನ್ನ ಶಾಲೆ ನಿಂತಿತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಇನ್ನೊಂದೇ ವರ್ಷವಿತ್ತು. ಅಪ್ಪನ ಸುಣ್ಣದ ಬಂಡಿಗೆ ಎರಡನೆಯ ಆಳು ಬೇಕಾಗಿದ್ದ. ಮಾಸ್ತರರು ಮನೆಗೆ ಬಂದು ಹುಡುಗನನ್ನು ಬಿಡಿಸಬೇಡಿರೆಂದು ಕೇಳಿದರು. ಅಪ್ಪ ಅವರಿಗೆ ಚಹಾ ಕುಡಿಸಿ, ಮರ್ಯಾದೆಯಿಂದ ಕಳಿಸಿಕೊಟ್ಟರು. ಮರುದಿನ ನಾನು ಬಂಡಿ ಹತ್ತಿದೆ. ಇದನ್ನು ಅಳುತ್ತ ಬರೆಯುತ್ತಿಲ್ಲ. ನಮ್ಮ ಇಂಡಿ ಊರಿನ ಸುತ್ತಲಿನ ದಾರಿಗಳಲ್ಲಿ ಏಳೆಂಟು ವರ್ಷ ಬಂಡಿ ಹೊಡೆದವನಿಗೆ ತೋಳೂ ಬರುತ್ತದೆ, ಬಾಯಿಯೂ ಬರುತ್ತದೆ. ಮುಂದೆ ನೌಕರಿ ಕೊಟ್ಟದ್ದು ಈ ಎರಡೇ.

ಈಗ ಯುನಿವರ್ಸಿಟಿಯ ಕ್ಯಾಂಪುಗಳಿಗೆ ಹೊಸದಾಗಿ ಸೇರುವ ಹುಡುಗರು ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ತಲೆಗೆ ಟೊಪ್ಪಿಗೆ, ಕೈಗೆ ಚೀಲ, ಕಾಲಿಗೆ ದಪ್ಪ ಬೂಟು, ಎಲ್ಲ ಕೊಟ್ಟಿರುತ್ತಾರೆ. "ಅಜ್ಜಾರ, ನಿಮ್ಮ ಕಾಲದಾಗ ಸುರಕ್ಷತಾ ಅಂತ ಏನ ಇತ್ರಿ?" ಎಂದು ಕೇಳುತ್ತಾರೆ. "ನಾನಾ ಇದ್ದೆ" ಎನ್ನುತ್ತೇನೆ. ನಗುತ್ತಾರೆ. ನಗಲಿ. ಆದರೆ ಅದು ನಿಜ, ಆದ್ದರಿಂದ ಬರೆದಿಡುತ್ತೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಅದರಿಂದ ಯಾರ ಕಾಲೂ ಉಳಿಯುವುದಿಲ್ಲ.

ಯುನಿವರ್ಸಿಟಿಯ ಭೂಗರ್ಭಶಾಸ್ತ್ರ ವಿಭಾಗದವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಬಾವಿಗಳನ್ನು ಅಳೆಯಲು ಬಂದರು. ಎಷ್ಟು ಆಳಕ್ಕೆ ನೀರು, ಯಾವ ಕಲ್ಲಿನ ಕೆಳಗೆ ನೀರು, ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆ, ಇದೆಲ್ಲ ಬರೆದುಕೊಳ್ಳುವುದು ಅವರ ಕೆಲಸ. ಹಳ್ಳಿಯವರು ಅವರನ್ನು ಕಲ್ಲಿನ ಸಾಹೇಬರು ಎನ್ನುತ್ತಿದ್ದರು. ಇಂಡಿಯ ಹೊರಗೆ ಡೇರೆ ಹೊಡೆದಾಗ ಆಳು ಬೇಕೆಂದು ಸುದ್ದಿಯಾಯಿತು. ಹೋಗಿ ನಿಂತೆ. ವಿಭಾಗದ ಮುಖ್ಯಸ್ಥರು ದೇಸಾಯಿ ಸರ್. ಎತ್ತರದ ಆಳು, ಬಿಸಿಲಲ್ಲಿಯೂ ಕೋಟು ಬಿಡದವರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಏನಪಾ, ಬಾವ್ಯಾಗ ಇಳದಿ ಏನ?"

"ಇಳದೇನ್ರಿ."

"ಮತ್ತ ಮ್ಯಾಲೆ ಬಂದಿ ಏನ?"

"ಬಂದೇನಲ್ರಿ ಸರ. ಅದಕ್ಕ ನಿಮ್ಮ ಮುಂದ ನಿಂತೇನಿ."

ಅವರು ನಕ್ಕರು. ಅಂದೇ ನನ್ನನ್ನು ರೋಜಂದಾರಿ ಆಳೆಂದು ಹಚ್ಚಿಕೊಂಡರು. ರೋಜಂದಾರಿ ಎಂದರೆ ದಿನಗೂಲಿ. ಬಂದ ದಿನ ಪಗಾರ, ಬರದ ದಿನ ಇಲ್ಲ. ಒಂದು ವರ್ಷದೊಳಗೆ ನಾನು ಕ್ಯಾಂಪಿನ ಮುಕಾದಮನಾದೆ, ಅಂದರೆ ಆಳುಗಳ ಮೇಸ್ತ್ರಿ. ಪಗಾರ ಮಾತ್ರ ಅದೇ ರೋಜಂದಾರಿ. ಮುಕಾದಮ ಏನು ಮಾಡಬೇಕೆಂದು ಕೇಳಿದಾಗ ದೇಸಾಯಿ ಸರ್ ಹೇಳಿದ್ದು ಎರಡೇ ಮಾತು: "ಕಲ್ಲು ನಮ್ಮ ಕೆಲಸ. ಮಂದಿ ನಿನ್ನ ಕೆಲಸ. ಮುಂಜಾನೆ ಹೋದಷ್ಟೂ ಮಂದಿ ಸಂಜೀಕ ತಿರುಗಿ ಬರಬೇಕು." ಈಗಿನವರು ಇದನ್ನೇ ಪುಸ್ತಕ ಮಾಡಿ ಹಂಚುತ್ತಾರೆ.

ಬಾವಿಯಲ್ಲಿ ಮೊದಲು ಕಂದೀಲು, ಆಮೇಲೆ ಮನುಷ್ಯ. ಹಗ್ಗಕ್ಕೆ ಕಟ್ಟಿ ಇಳಿಸಿದ ಕಂದೀಲು ಆರಿದರೆ ಕೆಳಗೆ ಗಾಳಿ ಕೆಟ್ಟಿದೆ ಎಂದರ್ಥ, ಯಾರೂ ಇಳಿಯಬಾರದು. ಹಗ್ಗವನ್ನು ದಿನಾ ಬೆಳಿಗ್ಗೆ ಮೊಳ ಮೊಳವಾಗಿ ಕೈಯಲ್ಲಿ ಎಳೆದು ನೋಡುತ್ತಿದ್ದೆ. ಬೂಟುಗಳನ್ನು ಡೇರೆಯ ಹಗ್ಗಕ್ಕೆ ತಲೆಕೆಳಗಾಗಿ ನೇತುಹಾಕಿಸುತ್ತಿದ್ದೆ. ನಮ್ಮ ಕರಿನೆಲದ ಚೇಳಿಗೆ ಬೂಟಿನಷ್ಟು ಪ್ರೀತಿಯ ಮನೆ ಬೇರೆ ಇಲ್ಲ. ಈ ಕಟ್ಟಳೆ ಒಬ್ಬರಿಗೆ ಮಾತ್ರ ಹಿಡಿಸಲಿಲ್ಲ. ಅವರು ಶ್ರೀನಿವಾಸಯ್ಯ, ಮೈಸೂರು ಕಡೆಯಿಂದ ಬಂದ ಹೊಸ ಡಿಮಾನ್‌ಸ್ಟ್ರೇಟರು. ದುಂಡಗಿನ ಮುಖ, ಮೆತ್ತಗಿನ ಮಾತು, ನನಗಿಂತ ಎರಡು ವರ್ಷ ಚಿಕ್ಕವರು.

"ದಸ್ತಗೀರ್, ಬೂಟನ್ನ ನೇಣು ಹಾಕೋದು ಯಾವ ಶಾಸ್ತ್ರದಲ್ಲಿದೆ ರೀ?" ಎಂದರು.

"ಚೇಳಿನ ಶಾಸ್ತ್ರದಾಗ ಐತ್ರಿ ಸರ."

ಆ ರಾತ್ರಿ ಅವರು ಬೂಟನ್ನು ಮಂಚದ ಕೆಳಗೇ ಇಟ್ಟುಕೊಂಡರು. ಬೆಳಿಗ್ಗೆ ಬೂಟಿನಲ್ಲಿ ಚೇಳಿರಲಿಲ್ಲ. ಅವರು ಗೆದ್ದವರಂತೆ ನನ್ನನ್ನು ನೋಡಿ ಬೂಟು ಹಾಕಿಕೊಂಡರು. ಚೇಳು ಟೊಪ್ಪಿಗೆಯಲ್ಲಿತ್ತು. ಪುಣ್ಯಕ್ಕೆ ತಲೆಗೆ ಇಡುವ ಮೊದಲೇ ಅದು ಹೊರಗೆ ಇಣುಕಿತು. ಮರುದಿನದಿಂದ ಶ್ರೀನಿವಾಸಯ್ಯನವರ ಬೂಟು, ಟೊಪ್ಪಿಗೆ, ಕೋಟು, ಕೊಡೆ, ಎಲ್ಲವೂ ಹಗ್ಗಕ್ಕೆ ನೇತಾಡತೊಡಗಿದವು. ದೂರದಿಂದ ನೋಡಿದವರು ನಮ್ಮದು ಅರಿವೆ ಅಂಗಡಿಯೆಂದು ತಿಳಿಯಬೇಕು.

ದೇಸಾಯಿ ಸರ್ ಕಟ್ಟಳೆ ಮಾಡುವುದರಲ್ಲಿ ಗಟ್ಟಿ, ಮರೆಯುವುದರಲ್ಲಿಯೂ ಗಟ್ಟಿ. ಬಾವಿಯ ಗೋಡೆಗೆ ಸುತ್ತಿಗೆ ಹಾಕುವ ಮೊದಲು ಮುಕಾದಮ ಸುತ್ತಲೂ ನೋಡಿ ಹೂಂ ಅನ್ನಬೇಕು, ಇದು ಅವರೇ ಮಾಡಿದ ಕಟ್ಟಳೆ. ಆಲಮೇಲದ ಕಡೆ ಒಂದು ದೊಡ್ಡ ಬಾವಿಯಲ್ಲಿ ಅವರಿಗೆ ಯಾವುದೋ ಅಪರೂಪದ ಕಲ್ಲಿನ ಪದರ ಕಂಡಿತು. ನಾನು ಇನ್ನೂ ಮೇಲೆ ಹಗ್ಗ ಬಿಗಿಯುತ್ತಿದ್ದೆ, ಅವರು ಆಗಲೇ ಮೆಟ್ಟಿಲಿಳಿದು ಹೋಗಿದ್ದರು. ಟಣ್ ಎಂದು ಸದ್ದು ಕೇಳಿತು. ಅದರ ಹಿಂದೆಯೇ ಗುಂಯ್ ಎಂದಿತು. ಗೋಡೆಯ ಬಿರುಕಿನಲ್ಲಿದ್ದ ಹೆಜ್ಜೇನು ಎದ್ದಿತ್ತು. ದೇಸಾಯಿ ಸರ್ ಕೋಟು ಸಮೇತ ನೀರಿಗೆ ಹಾರಿದರು. ನಾನು ಕಂಬಳಿ ಎಸೆದೆ. ಅವರು ಅದನ್ನು ತಲೆಯ ಮೇಲೆ ಹೊದ್ದುಕೊಂಡು ಕುತ್ತಿಗೆಯವರೆಗೆ ನೀರಿನಲ್ಲಿ ನಿಂತರು. ಜೇನು ಇಳಿಯುವವರೆಗೆ ಸುಮ್ಮನಿರಬೇಕಲ್ಲ. ಇರಲಿಲ್ಲ. ಕಂಬಳಿಯ ಒಳಗಿನಿಂದಲೇ ಗಟ್ಟಿಯಾಗಿ, "ಶ್ರೀನಿವಾಸಯ್ಯ, ಬರಕೋರಿ, ಮ್ಯಾಲಿನ ಪದರ ಮೂರು ಮೊಳ, ಅದರ ಕೆಳಗ ಕೆಂಪು ಮಣ್ಣು" ಎಂದು ಹೇಳುತ್ತಲೇ ಇದ್ದರು. ಶ್ರೀನಿವಾಸಯ್ಯ ಆಗಲೇ ಒಂದು ಹೊಲ ದಾಟಿ ಓಡಿಹೋಗಿದ್ದರು.

ಮರುದಿನ ಮುಂಜಾನೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ದೇಸಾಯಿ ಸರ್ ಹೇಳಿದರು: "ನಿನ್ನೆ ಒಬ್ಬರು ಕಟ್ಟಳಿ ಮುರದಾರ. ಅವರಿಗೆ ಶಿಕ್ಷಾ ಆಗೇದ. ಎಲ್ಲಾರೂ ನೋಡ್ಕೋರಿ." ಹಾಗೆಂದು ಬದನೆಕಾಯಿಯಂತೆ ಊದಿದ ತಮ್ಮ ಕಿವಿಯನ್ನು ನಮ್ಮ ಕಡೆ ತಿರುಗಿಸಿದರು. ಅಂಥ ಮೇಲಧಿಕಾರಿ ಸಿಕ್ಕರೆ ಬಿಡಬೇಡಿ, ಹುಡುಗರೇ.

ಚೇಳು, ಜೇನು, ಕೆಟ್ಟ ಗಾಳಿ, ಇವಕ್ಕೆಲ್ಲ ನಾನು ಹೆದರಲಿಲ್ಲ. ಹೆದರಿದ್ದು ನೀರಿಗೆ.

ಆಗ ನಮ್ಮ ಕಡೆ ಬಹಳ ಊರುಗಳಲ್ಲಿ ಪಾವಟಿಗೆ ಬಾವಿ. ಪಾವಟಿಗೆ, ಅಂದರೆ ಮೆಟ್ಟಿಲು, ಇಳಿದು ಹೋಗಿ ನೀರಿನಲ್ಲಿ ಕಾಲಿಟ್ಟು ಕೊಡ ತುಂಬುವ ಬಾವಿ. ಆ ನೀರಿನಿಂದ ನಾರು ಬರುತ್ತಿತ್ತು. ಈಗಿನ ಹುಡುಗರು ನಾರು ಹುಣ್ಣನ್ನು ನೋಡಿಲ್ಲ, ನೋಡದಿರುವುದೇ ಒಳ್ಳೆಯದು. ಕಾಲಿನಲ್ಲಿ ಬೊಬ್ಬೆ ಎದ್ದು ಒಡೆದು, ಅದರೊಳಗಿನಿಂದ ಬಿಳಿ ದಾರದಂಥ ಹುಳು ಹೊರಬರುತ್ತದೆ. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಕೊಳೆಯುತ್ತದೆ. ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪವೇ ಹೊರಗೆ ತೆಗೆಯಬೇಕು. ಸುಗ್ಗಿಯ ಹೊತ್ತಿನಲ್ಲಿ ಗಟ್ಟಿ ಗಟ್ಟಿ ಒಕ್ಕಲಿಗರು ಕಾಲಿಗೆ ಕಡ್ಡಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿರುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ದೇಸಾಯಿ ಸರ್ ನಮಗೆಲ್ಲ ತಿಳಿಸಿ ಹೇಳಿದರು: ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿರುತ್ತವೆ, ಹುಳುವಿನ ಮರಿ ಅವುಗಳೊಳಗೆ ಇರುತ್ತದೆ, ಇಂದು ಕುಡಿದರೆ ನಾರು ಕಾಣಿಸುವುದು ಬರುವ ವರ್ಷ. ಆದರೆ ಅರಿವೆಯಲ್ಲಿ ಸೋಸಿದರೆ ಸಾಕು, ಆ ಜೀವಿಗಳು ಅರಿವೆಯಲ್ಲೇ ಉಳಿಯುತ್ತವೆ.

ಸೋಸುವುದು ನನ್ನ ಕೆಲಸವಾಯಿತು. ಧೋತರದ ತುಂಡನ್ನು ನಾಲ್ಕು ಮಡಿಕೆ ಮಾಡಿ ಹಂಡೆಯ ಬಾಯಿಗೆ ಕಟ್ಟಿ, ದಿನಾ ಬೆಳಿಗ್ಗೆ ಕ್ಯಾಂಪಿನ ನೀರನ್ನೆಲ್ಲ ಸೋಸಿ, ಎಲ್ಲರ ಬಾಟಲಿ ತುಂಬಿ ಕೊಡುತ್ತಿದ್ದೆ. ದೇಸಾಯಿ ಸರ್ ಆಗಲಿ, ಅಡಿಗೆಯವನಾಗಲಿ, ನಾನಾಗಲಿ, ಎಲ್ಲರಿಗೂ ಒಂದೇ ಹಂಡೆ. ಕ್ಯಾಂಪಿನಲ್ಲಿ ಎಲ್ಲ ಸರಿ. ಹಳ್ಳಿಗೆ ಹೋದಾಗ ತೊಡಕು.

ಸಿಂದಗಿ ತಾಲೂಕಿನ ಒಂದು ಹಳ್ಳಿ. ಬಾವಿಯ ಯಜಮಾನನ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಒಳಗಿನಿಂದ ಅವನ ತಾಯಿ ಬೆಲ್ಲದ ಉಂಡಿ ಮತ್ತು ತಂಬಿಗೆ ನೀರು ತಂದಳು. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮಲ್ಲಿ ಮೊದಲ ಮಾತು, ಹೆಸರು ಕೇಳುವುದು ಆಮೇಲೆ. ಶ್ರೀನಿವಾಸಯ್ಯ ಬಲು ಸಭ್ಯವಾಗಿ ತಮ್ಮ ಬಾಟಲಿ ಎತ್ತಿ ತೋರಿಸಿದರು.

"ಬೇಡಮ್ಮ, ನಮ್ಮ ನೀರು ನಾವೇ ತಂದಿದೀವಿ."

ಮುದುಕಿ ತಂಬಿಗೆಯನ್ನು ಕೆಳಗಿಟ್ಟಳು.

"ನಮ್ಮ ನೀರ ಅಳ್ಯಾಕ ಆಕ್ಕತಿ, ಕುಡ್ಯಾಕ ಆಗಂಗಿಲ್ಲೇನ?"

ನಾನು ನಡುವೆ ಬಂದೆ. "ಹಂಗಲ್ಲವ್ವಾ, ನಮ್ಮ ಇಲಾಖಿ ಕಟ್ಟಳಿ ಐತಿ."

"ನೀ ಸುಮ್ನಿರ ಸಾಬಣ್ಣ. ಆ ಬಾಟ್ಲಿ ತುಂಬಿದಾಂವ ನೀನಾ ಅಲ್ಲೇನ? ನಿನ್ನ ಕೈಯಾಗಿಂದು ನಡೀತೈತಿ, ನನ್ನ ಕೈಯಾಗಿಂದು ನಡ್ಯಂಗಿಲ್ಲ. ಅಂಥಾದ್ದೇನ ಮಾಡೇನಿ ನಾನು?"

ಮಗ ಏನೂ ಬೈಯಲಿಲ್ಲ. "ಬಾವಿ ಇವತ್ತ ಅಳ್ಯಾಕ ಆಗಂಗಿಲ್ರಿ" ಎಂದಷ್ಟೇ ಹೇಳಿದ. ಆ ಸುದ್ದಿ ನಮಗಿಂತ ಮುಂದೆ ಹೋಯಿತು. ಮುಂದಿನ ಎರಡು ಊರುಗಳಲ್ಲಿಯೂ ಬಾವಿಯ ಹತ್ತಿರ ಬಿಡಲಿಲ್ಲ.

ಆ ಸಂಜೆ ಡೇರೆಯ ಮುಂದೆ ಕೂತು ಮಾತಾಡಿದೆವು. ನೀರು ಕುಡಿದರೆ ನಾರು, ಕುಡಿಯದಿದ್ದರೆ ಅಪಮಾನ. ದೇಸಾಯಿ ಸರ್ ಬಹಳ ಹೊತ್ತು ಗಡ್ಡ ತಿಕ್ಕಿಕೊಂಡು, ಕೊನೆಗೆ ತೊಡೆ ತಟ್ಟಿದರು.

"ನಾಳಿಂದ ಯಾರೂ ಬ್ಯಾಡ ಅನಬಾರದು. ಅವ್ವಾ, ನೀರ ಯಾಕ, ಮಜ್ಜಿಗಿ ಇದ್ರ ಕೊಡು ಅನ್ರಿ."

ಎಲ್ಲರೂ ತಲೆದೂಗಿದೆವು. ಎಂಥ ಉಪಾಯ ನೋಡಿ. ಕೊಟ್ಟದ್ದನ್ನು ಒಲ್ಲೆ ಎನ್ನುವವನು ಶತ್ರು. ಕೊಟ್ಟದ್ದಕ್ಕಿಂತ ಹೆಚ್ಚು ಕೇಳುವವನು ನೆಂಟ. ಮಜ್ಜಿಗೆ ಕೇಳಿಸಿಕೊಳ್ಳುವ ಮನೆಗೆ ದೊಡ್ಡಸ್ತಿಕೆ, ನಮಗೆ ಕಾಲು ಕ್ಷೇಮ. ಆ ಬೇಸಿಗೆಯೆಲ್ಲ ನಾವು ಮಜ್ಜಿಗೆಯಲ್ಲಿ ತೇಲಿದೆವು. ಇಂಡಿಯಲ್ಲಿ ಶುಂಠಿ ಹಾಕಿದ್ದು, ಮುದ್ದೇಬಿಹಾಳದಲ್ಲಿ ಜೀರಿಗೆ ಕುಟ್ಟಿ ಹಾಕಿದ್ದು, ತಾಳಿಕೋಟೆಯ ಹತ್ತಿರ ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟದ್ದು. ಬಾಗಿಲು ಬಾಗಿಲೂ ತೆರೆದವು. ಶ್ರೀನಿವಾಸಯ್ಯನವರಿಗೆ ಮಜ್ಜಿಗೆ ಸಾಹೇಬರೆಂದು ಹೆಸರು ಬಿತ್ತು. ಅವರು ಒಂದು ಮನೆಯಲ್ಲಿ ಕುಡಿದು, ಪಕ್ಕದ ಮನೆಯವರಿಗೆ ಬೇಸರವಾಗಬಾರದೆಂದು ಅಲ್ಲಿಯೂ ಕುಡಿಯುತ್ತಿದ್ದರು. ನಾನೂ ಹಿಂದೆ ಬೀಳಲಿಲ್ಲ.

ಬೇಸಿಗೆಯ ಕೊನೆಗೆ ಬಸವನ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಗೆ ಬಂದೆವು. ಕೆಲಸ ಮುಗಿದು ಒಂದು ಮನೆಯ ಅಂಗಳದಲ್ಲಿ ಕೂತಿದ್ದೆವು. ಕೈಯಲ್ಲಿ ಮಜ್ಜಿಗೆಯ ವಾಟಗ, ಅಂದರೆ ಬಟ್ಟಲು. ಆಗ ಮನೆಯ ಸೊಸೆ ಪಾವಟಿಗೆ ಬಾವಿಯಿಂದ ಕೊಡ ಹೊತ್ತು ಬಂದಳು. ನಮ್ಮೆದುರೇ ಕೊಡವನ್ನು ಸೊಂಟದ ಮೇಲೆ ವಾಲಿಸಿ, ಮಜ್ಜಿಗೆಯ ಗಡಿಗೆಯೊಳಗೆ ಸುರಿದಳು.

"ಗಟ್ಟಿ ಆಗಿತ್ರಿ. ನಿಮ್ಮ ಮಂದಿಗೆ ಇನ್ನೊಂದೊಂದ ವಾಟಗಾ ಬರ್ತೈತಿ" ಎಂದಳು.

ದೇಸಾಯಿ ಸರ್ ಅವರ ವಾಟಗ ತುಟಿಯ ಹತ್ತಿರವೇ ನಿಂತಿತು. ಎಲ್ಲರೂ ಗಡಿಗೆಯನ್ನು ನೋಡಿದರು. ಆಮೇಲೆ ಎಲ್ಲರೂ ತಮ್ಮ ತಮ್ಮ ವಾಟಗ ನೋಡಿಕೊಂಡರು.

"ಯವ್ವಾ, ಮಜ್ಜಿಗಿ ಯಾವಾಗ್ಲೂ ಹಿಂಗ ಮಾಡ್ತೀರೇನು?" ಎಂದು ಸರ್ ಮೆಲ್ಲಗೆ ಕೇಳಿದರು.

"ಮತ್ತ ಹ್ಯಾಂಗ ಮಾಡ್ತಾರ್ರಿ? ನೀರ ಹಾಕ್ಲಿಲ್ಲಂದ್ರ ಅದು ಮೊಸರ ಆತಲ್ರಿ."

ನಮ್ಮಲ್ಲಿ ಪ್ರತಿಯೊಬ್ಬನೂ ತಾಯಿ ಮಜ್ಜಿಗೆ ಕಡೆಯುವುದನ್ನು ನೋಡುತ್ತ ಬೆಳೆದವನೇ. ಇಡೀ ಬೇಸಿಗೆಯಲ್ಲಿ ಒಬ್ಬನಿಗಾದರೂ ಆ ನೀರು ನೆನಪಾಗಿರಲಿಲ್ಲ. ದೇಸಾಯಿ ಸರ್ ಒಂದು ಕ್ಷಣ ಯೋಚಿಸಿ, ಉಳಿದ ಅರ್ಧ ವಾಟಗವನ್ನೂ ಕುಡಿದುಬಿಟ್ಟರು. ದಾರಿಯಲ್ಲಿ ನಾನು ಕೇಳಿದೆ, "ಸರ, ಗೊತ್ತಾದ ಮ್ಯಾಲೂ ಕುಡದ್ರೆಲ್ಲ?"

"ಇಷ್ಟ ದಿನ ಕುಡದದ್ದರ ಮುಂದ ಅದೇನಪಾ. ಆ ಹುಡುಗಿ ಮಾರಿ ಸಣ್ಣದ ಮಾಡೂದು ಯಾಕ?" ಎಂದರು.

ಅವರು ಇದನ್ನು ಮುಚ್ಚಿಡಲಿಲ್ಲ. ಯುನಿವರ್ಸಿಟಿಗೆ ತಾವೇ ತಿಳಿಸಿದರು. ಮಳೆ ಹತ್ತಿದಾಗ ಅಲ್ಲಿನ ಕಚೇರಿಯಿಂದ ಒಬ್ಬ ದೊಡ್ಡ ಅಧಿಕಾರಿ ಮುದ್ದೇಬಿಹಾಳದ ಕ್ಯಾಂಪಿಗೆ ಬಂದರು. ನಾವು ಅವರನ್ನು ಆಫೀಸ್ ಸಾಹೇಬರು ಎನ್ನುತ್ತಿದ್ದೆವು. ಕೆಟ್ಟವರಲ್ಲ, ಆದರೆ ಮಾತು ಕೊಡಲಿಯ ಏಟಿನಂಥದು.

"ದೇಸಾಯಿ, ಬರೂ ವರ್ಷ ನಿಮ್ಮ ಸಿಬ್ಬಂದಿಯೊಳಗ ಒಬ್ಬರ ಕಾಲಿಗೆ ನಾರು ಬಂತಂದ್ರೂ ಕ್ಯಾಂಪ್ ಬಂದ್. ಮಂದೀನ ಕುಂಟ ಮಾಡಾಕ ಯುನಿವರ್ಸಿಟಿ ಇಲ್ಲ."

ಹೇಳಿದ್ದು ನ್ಯಾಯವೇ. ಆದರೆ ಕ್ಯಾಂಪು ಮುಚ್ಚಿದರೆ ದೇಸಾಯಿ ಸರ್ ಅವರ ವರ್ಷಗಳ ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. ಕ್ಯಾಂಪನ್ನೇ ನಂಬಿದ ಐದು ಜನ ರೋಜಂದಾರಿ ಆಳುಗಳಿಗೆ ಒಲೆ ಉರಿಯುವುದು ಕಷ್ಟವಾಗುತ್ತಿತ್ತು. ಅವರಲ್ಲಿ ನಾನೊಬ್ಬ. ಆ ವರ್ಷವೇ ನನ್ನ ಮದುವೆಯಾಗಿತ್ತು. ನನ್ನನ್ನು ಕಾಯಂ ಮಾಡಬೇಕೆಂದು ದೇಸಾಯಿ ಸರ್ ಕೇಳಿಕೊಂಡಿದ್ದರು, ಅದೂ ಅಲ್ಲಿಗೇ ನಿಂತಿತು.

ಹೀಗೆ ಕಾಲು ನೋಡುವ ಬೇಸಿಗೆ ಬಂದಿತು. ಮುಂಜಾನೆ ಸ್ನಾನವಾದ ಮೇಲೆ ಎಲ್ಲರೂ ಮಂಚದ ಮೇಲೆ ಸಾಲಾಗಿ ಕೂತು ಕಾಲು ಚಾಚಬೇಕು, ಮುಕಾದಮ ಹರಡಿನಿಂದ ಮೊಣಕಾಲಿನವರೆಗೆ ನೋಡಬೇಕು. ಮುಖ್ಯಸ್ಥರಿಂದ ಅಡಿಗೆಯವನವರೆಗೆ ಯಾರಿಗೂ ವಿನಾಯಿತಿಯಿಲ್ಲ. ಶ್ರೀನಿವಾಸಯ್ಯನವರಿಗೆ ಮೊದಲ ದಿನ ಬಹಳ ಸಂಕೋಚ.

"ನನ್ ಕಾಲನ್ನ ನಮ್ಮಮ್ಮ ಬಿಟ್ರೆ ಯಾರೂ ಹೀಗೆ ನೋಡಿಲ್ಲ ದಸ್ತಗೀರ್."

"ನಿಮ್ಮವ್ವಾರಿಗೆ ಕಾಗದ ಬರೀರಿ ಸರ, ಕಾಲ ಚಲೋ ಅದಾವ, ಉಗರ ಅಷ್ಟ ತೆಗೀಬೇಕಂತ."

ಒಂದು ದಿನ ಅವರ ಮೀನಗಂಡದ ಮೇಲೆ ಕೆಂಪಗೆ ಊದಿತ್ತು. ಇಡೀ ಕ್ಯಾಂಪು ಸುತ್ತ ನಿಂತಿತು. ಅವರು ಕಣ್ಣು ಮುಚ್ಚಿಕೊಂಡು, "ನಿಜ ಹೇಳಿ, ಹುಳು ಕಾಣ್ತಿದ್ಯಾ?" ಎಂದರು. ನಾನು ಸೂಜಿ ತಂದು ಮೆಲ್ಲಗೆ ಕೆದರಿದೆ. ಜಾಲಿಯ ಮುಳ್ಳು ಹೊರಬಂತು. ದೇಸಾಯಿ ಸರ್ ಆ ಮುಳ್ಳಿನ ಖುಷಿಗೆ ಅಂದು ಎಲ್ಲರಿಗೂ ಸಿಹಿ ಸಜ್ಜಕ ಮಾಡಿಸಿದರು. ಮತ್ತೊಮ್ಮೆ ಅಡಿಗೆಯವನಿಗೆ ಬೊಬ್ಬೆ ಬಂತು. ಅದು ಬಿಸಿ ಗಂಜಿ ಚೆಲ್ಲಿಕೊಂಡದ್ದು. ದಿನ ಕಳೆದಂತೆ ಮುಖಗಳು ಅರಳತೊಡಗಿದವು. ಬೇಸಿಗೆ ಮುಗಿಯುತ್ತ ಬಂತು, ಒಬ್ಬರ ಕಾಲಿನಲ್ಲಿಯೂ ಏನೂ ಇಲ್ಲ.

ಆಗ ಕ್ಯಾಂಪು ಬಾಗೇವಾಡಿಯ ಹತ್ತಿರವಿತ್ತು. ಬೆಳಗಿನ ನಮಾಜಿಗೆಂದು ಕೈಕಾಲು ತೊಳೆಯುತ್ತಿದ್ದೆ. ಎಡಗಾಲಿನ ಹರಡಿನ ಹತ್ತಿರ ನೀರು ಬಿದ್ದಾಗ ಉರಿಯಿತು. ಬಗ್ಗಿ ನೋಡಿದೆ. ಬೊಬ್ಬೆ ಇತ್ತು. ಎಲ್ಲರ ಕಾಲನ್ನೂ ನೋಡುವವನು ಇದ್ದ, ಅವನ ಕಾಲನ್ನು ನೋಡುವವರು ಇರಲಿಲ್ಲ. ಒಡೆದಿರಲಿಲ್ಲ, ಆದರೆ ಹುಟ್ಟಿದಾಗಿನಿಂದ ನೋಡಿದ ಬೊಬ್ಬೆಯ ಗುರುತು ನನಗೆ ಸಿಗದೆ ಇರುತ್ತದೆಯೇ? ನಮಾಜು ಮುಗಿಸಿ, ಧೈರ್ಯ ತಣ್ಣಗಾಗುವ ಮೊದಲೇ ದೇಸಾಯಿ ಸರ್ ಅವರ ಡೇರೆಗೆ ಹೋದೆ.

"ಸರ, ಬಂದೈತ್ರಿ."

"ಯಾರಿಗಪಾ?"

"ಕಾಲ ನೋಡಾಂವಗ."

ಅವರು ತಮ್ಮ ಕುರ್ಚಿಯಿಂದ ಎದ್ದು ನನ್ನನ್ನು ಅದರಲ್ಲಿ ಕೂರಿಸಿದರು. ಬಗ್ಗಿ ಕಾಲು ನೋಡಿದರು. ಬಾಗೇವಾಡಿಯ ಡಾಕ್ಟರರನ್ನು ಕರೆಸಿದರು. ನಾರು ಹೌದು ಎಂದರು ಅವರು. ಯಾವ ನೀರಿನದೆಂದು ಕೇಳಿದ್ದಕ್ಕೆ, "ಅದನ್ನ ಯಾರೂ ಹೇಳಾಕ ಬರಂಗಿಲ್ರಿ" ಎಂದರು.

ಆಫೀಸ್ ಸಾಹೇಬರಿಗೆ ತಿಳಿಸಿದಾಗ ಅವರು ತಾವೇ ಬಂದರು. ಡೇರೆಯಲ್ಲಿ ದೇಸಾಯಿ ಸರ್, ಶ್ರೀನಿವಾಸಯ್ಯ, ಕುರ್ಚಿಯ ಮೇಲೆ ಕಾಲು ಚಾಚಿಕೊಂಡ ನಾನು. ಸಾಹೇಬರು ನನ್ನ ಕಾಲನ್ನು ನೋಡಿದರು, ಆಮೇಲೆ ನಿರಾಳವಾಗಿ ಉಸಿರು ಬಿಟ್ಟರು.

"ಇಂವ ರೋಜಂದಾರಿ ಆಳು ಅಲ್ಲ? ಸಿಬ್ಬಂದಿ ಅಲ್ಲಲ್ಲ. ಮ್ಯಾಲ ಇಂವ ಇದ ಸೀಮಿಯಾಂವ. ಇವನ ಊರಾಗೂ ಪಾವಟಿಗಿ ಬಾವಿ ಇರ್ತಾವ. ಹಂಗಾದ್ರ ಸಿಬ್ಬಂದಿಗೆ ಯಾರಿಗೂ ಏನೂ ಆಗಿಲ್ಲ. ಕ್ಯಾಂಪ್ ನಡೀಲಿ, ದೇಸಾಯಿ."

ಕ್ಯಾಂಪು ಉಳಿಯಿತು. ಐದು ಮನೆಯ ಒಲೆ ಉಳಿಯಿತು. ನನಗೆ ಸಂತೋಷವಾಗಬೇಕು, ಆಯಿತು ಕೂಡ. ಆದರೆ ಬೊಬ್ಬೆಗಿಂತ ಹೆಚ್ಚು ಉರಿದದ್ದು ಆ ಮಾತು. ಇಷ್ಟು ವರ್ಷ ಇವರ ಹಗ್ಗ ಹಿಡಿದವನು ಯಾರು?

ದೇಸಾಯಿ ಸರ್ ಕೋಟಿನ ಗುಂಡಿ ಹಾಕಿಕೊಂಡರು.

"ನಾ ಇಳಿ ಅಂದೆ, ಬಾವ್ಯಾಗ ಇಳದ. ಮಜ್ಜಿಗಿ ಕುಡಿ ಅಂದೆ, ಕುಡದ. ಅವಾಗೆಲ್ಲಾ ಇಲಾಖಿ ಮನಷ್ಯಾ, ನಾರು ಬಂದ ಕೂಡ್ಲೆ ಊರ ಮನಷ್ಯಾ ಆದನೇನು?"

"ವಿಚಾರ ಮಾಡ್ರಿ. ಇಂವನ್ನ ಸಿಬ್ಬಂದಿ ಅಂದ್ರ ಕ್ಯಾಂಪ್ ಬಂದ್ ಮಾಡಬೇಕಾಗ್ತದ."

"ಮಾಡ್ರಿ. ನಾರು ಬಂದದ್ದು ನಮ್ಮ ಇಲಾಖಿ ಕಾಲಿಗೆ ಅಂತ ಬರೀರಿ."

ನನಗೆ ಸಿಟ್ಟು ಬಂತು. "ಸರ, ನನ್ನ ಮರ್ಯಾದಿ ಸಲುವಾಗಿ ಐದು ಮಂದಿ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ" ಎಂದೆ.

"ನೀ ಕೂಡು. ಇವತ್ತ ನಿನ್ನ ಕಾಲ ಸಿಬ್ಬಂದಿ ಅಲ್ಲ ಅಂದ್ರ, ನಾಳೆ ಆ ನಾಲ್ಕು ಮಂದಿ ಕೈ ಕಾಲೂ ಅಲ್ಲ" ಎಂದರು.

ಆಗ ಶ್ರೀನಿವಾಸಯ್ಯ ನಡುವೆ ಬಂದರು. "ವಿಭಾಗದಲ್ಲಿ ನಾಲ್ಕು ವರ್ಷದ ಕಲ್ಲುಗಳು ನಂಬರಿಲ್ಲದೆ ರಾಶಿ ಬಿದ್ದಿವೆ ಸಾರ್. ಕ್ಯಾಂಪು ಇಲ್ಲದಾಗ ನಾಲ್ಕು ಜನಕ್ಕೆ ಅಲ್ಲಿ ಕೈತುಂಬ ಕೆಲಸ ಇದೆ." ಆ ಮೆತ್ತಗಿನ ಮಾತಿನವರು ಅಷ್ಟು ಹೊತ್ತು ಅದನ್ನೇ ಯೋಚಿಸುತ್ತಿದ್ದರು ಎಂದು ಕಾಣುತ್ತದೆ.

ಆಫೀಸ್ ಸಾಹೇಬರು ನನ್ನ ಕಡೆ ತಿರುಗಿದರು. "ನಿನ್ನ ಹೆಸರೇನಪಾ?" ಎಂದರು. ಮೂರು ಸಲ ಕ್ಯಾಂಪಿಗೆ ಬಂದವರು, ಮೊದಲ ಸಲ ಕೇಳಿದರು.

"ದಸ್ತಗೀರ ರೀ."

ಬರೆದುಕೊಂಡರು. "ಬಂದ್ ಅಂದ್ರ ಬಂದ್. ಮಳಿಗಾಲ ಮುಗ್ಯೂತನಕ. ಆಮ್ಯಾಲ ನೀರಿಗೆ ಏನ ವ್ಯವಸ್ಥಾ ಮಾಡೀರಿ ತೋರಸ್ರಿ, ನೋಡೂಣು" ಎಂದು ಹೊರಟರು.

ಡೇರೆ ಕಿತ್ತರು. ನಾಲ್ವರು ಶ್ರೀನಿವಾಸಯ್ಯನವರ ಹಿಂದೆ ಕಲ್ಲಿಗೆ ನಂಬರು ಹಾಕಲು ಹೋದರು. ನಾನು ಇಂಡಿಯ ಮನೆಗೆ ಬಂದು ಮಲಗಿದೆ. ನಾರು ತೆಗೆಯುವವಳು ನನ್ನ ಹೆಂಡತಿ ಫಾತಿಮಾ. ದಿನಾ ಬೆಳಿಗ್ಗೆ ಕಾಲಿಗೆ ಬಿಸಿನೀರು ಹಾಕಿ, ಕಡ್ಡಿಯನ್ನು ಒಂದು ಸುತ್ತು ತಿರುವುತ್ತಿದ್ದಳು. ದೇಸಾಯಿ ಸರ್ ಹೇಳಿದ್ದನ್ನು ಅವಳಿಗೆ ಹೇಳಿ ತಪ್ಪು ಮಾಡಿದೆ. ದಿನಾ ಅದೇ ಮಾತು: "ಚಾಚ್ರಿ ನಿಮ್ಮ ಇಲಾಖಿ ಕಾಲ." ಲಗೂ ಎಳೆ ಎಂದರೆ, "ಸರಕಾರದ ಹುಳ ಐತಿ, ಸಾವಕಾಶ ಬರ್ತೈತಿ" ಎನ್ನುತ್ತಿದ್ದಳು.

ಒಂದು ದಿನ ದೇಸಾಯಿ ಸರ್, ಶ್ರೀನಿವಾಸಯ್ಯ ಇಬ್ಬರೂ ಬಸ್ಸಿನಲ್ಲಿ ಬಂದರು. ಫಾತಿಮಾ ಅವರ ಕಣ್ಣೆದುರಿಗೇ ನೀರು ಸೋಸಿ, ನಿಂಬೆಹಣ್ಣು ಹಿಂಡಿ ಶರಬತ್ತು ಕೊಟ್ಟಳು. ಸರ್ ನನ್ನ ಪಗಾರ ತಂದಿದ್ದರು. ನನ್ನನ್ನು ಸಿಬ್ಬಂದಿಯೆಂದು ಬರೆದಾದ ಮೇಲೆ ಕಚೇರಿಗೆ ಬೇರೆ ದಾರಿ ಉಳಿದಿರಲಿಲ್ಲ. ಕಾಯಂ ಮಾಡಲೇಬೇಕಾಯಿತು, ಬೇನೆಯ ರಜೆಯನ್ನೂ ಕೊಡಲೇಬೇಕಾಯಿತು. ಅವರು ಹೋದ ಮೇಲೆ ಅಪ್ಪ ಬಹಳ ಹೊತ್ತು ಅನುಮಾನದಿಂದ ನನ್ನನ್ನು ನೋಡಿದರು.

"ಮಕ್ಕೊಂಡಿದ್ದಕ್ಕ ಪಗಾರ ಕೊಡ್ತಾರು. ಇದು ಎಂಥಾ ನೌಕರಿನೋ ಮಾರಾಯಾ? ಖರೇ ಹೇಳ, ಏನ ಮಾಡೀದಿ?"

ಮಳೆಗಾಲ ಮುಗಿದು ಮುದ್ದೇಬಿಹಾಳದ ಕಡೆ ಮತ್ತೆ ಡೇರೆ ಹೊಡೆದೆವು. ನೀರಿನ ವ್ಯವಸ್ಥೆ ಎಂದರೆ ಪ್ರತಿಯೊಬ್ಬರ ಹೆಗಲ ಚೀ‍ಲದಲ್ಲಿ ಒಂದು ಧೋತರದ ತುಂಡು. ಹಳ್ಳಿಯಲ್ಲಿ ನೀರು ಕೊಟ್ಟರೆ ಬೇಡ ಅನ್ನಬಾರದು, ಅಲ್ಲೇ ಸೋಸಿ ಕುಡಿಯಬೇಕು. ಮೊದಲನೆಯ ಊರಿನಲ್ಲೇ ಒಬ್ಬ ಮುದುಕಿ ನನ್ನ ಕೈಯಿಂದ ಅರಿವೆ ಕಸಿದುಕೊಂಡಳು. ನೀಲವ್ವ ಎಂದು ಅವಳ ಹೆಸರು.

"ಥೂ, ನಿಮ್ಮ ಅರಿವಿ ನಮ್ಮ ನೀರಕಿಂತ ಹೊಲಸ ಐತಲ್ಲೋ ಸಾಬಣ್ಣ" ಎಂದು ಒಳಗೆ ಹೋದಳು. ಬಿಳಿಯದೊಂದು ಮಡಿಯ ಅರಿವೆ ತಂದಳು. ಲಿಂಗಪೂಜೆಗೆ ನೀರು ಸೋಸುವ ಅರಿವೆ ಅದು. ಚರಿಗೆಯ ಬಾಯಿಗೆ ಅದನ್ನು ಹಿಡಿದು ನೀರು ಹಾಕುತ್ತ ಹಾಕುತ್ತ ಒಮ್ಮೆ ಕೈ ನಿಲ್ಲಿಸಿದಳು.

"ಅಲ್ಲ, ದೇವರಿಗೆ ದಿನಾ ಸೋಸ್ತೀವಿ. ಮಂದಿಗೆ ಯಾಕ ಸೋಸಬಾರದಂತ ನಾವು ಯಾರೂ ಕೇಳಲೇ ಇಲ್ಲ ನೋಡ."

ದೇಸಾಯಿ ಸರ್ ಅಂದೇ ಧೋತರದ ತುಂಡಿನ ಅಪ್ಪಣೆ ರದ್ದು ಮಾಡಿ ಹೊಸದನ್ನು ಹೊರಡಿಸಿದರು: "ಅವ್ವಾ, ಪೂಜಿಗೆ ಹ್ಯಾಂಗ ಸೋಸ್ತೀರಿ ಹಂಗ ಸೋಸಿ ಕೊಡ್ರಿ" ಎನ್ನಬೇಕು. ಇದರಲ್ಲಿ ಯಾರಿಗೂ ಅಪಮಾನವಿಲ್ಲ. ಕೆಲವು ಮನೆಗಳಲ್ಲಿ ನಾವು ಹೋದ ಮೇಲೆಯೂ ಮಕ್ಕಳಿಗೆ ಸೋಸಿ ಕೊಡುತ್ತಿದ್ದರೆಂದು ಆಮೇಲೆ ಕೇಳಿದೆ. ಅದು ನಮ್ಮ ಸಾಧನೆಯೆಂದು ಯಾರೂ ಎಲ್ಲಿಯೂ ಬರೆಯಲಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಕ್ಯಾಂಪಿನಲ್ಲಿ ಮತ್ತೆ ಯಾರ ಕಾಲಿಗೂ ನಾರು ಬರಲಿಲ್ಲ. ನಾನು ಸೇವೆಯಲ್ಲಿದ್ದಷ್ಟು ಕಾಲ ಹೋದಷ್ಟೂ ಮಂದಿ ತಿರುಗಿ ಬಂದರು.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೆ ನಾನು ಒಂದೇ ಮಾತು ಹೇಳುವುದು. ಟೊಪ್ಪಿಗೆ, ಬೂಟು ಎಣಿಸುವ ಮೊದಲು ಮಂದಿಯನ್ನು ಎಣಿಸಿರಿ. ಹಗ್ಗ ಹಿಡಿದವನು, ಅಡಿಗೆ ಮಾಡುವವನು, ಇವತ್ತೊಂದು ದಿನಕ್ಕೆ ಬಂದವನು, ಎಲ್ಲರೂ ಆ ಎಣಿಕೆಯಲ್ಲಿ ಇರಬೇಕು. ಎಣಿಸುವವನು ತನ್ನನ್ನೂ ಸೇರಿಸಿಕೊಳ್ಳಬೇಕು.

ಈಗ ನನ್ನ ಹತ್ತಿರ ಇರುವುದಿಷ್ಟು. ಇಂಡಿಯಲ್ಲಿ ಮೂರು ಖೋಲಿಯ ಮನೆ ಒಂದು. ಹಿತ್ತಲಲ್ಲಿ ನಿಂಬೆಗಿಡ ನಾಲ್ಕು. ಮಗಳು ಒಬ್ಬಳು, ಮಗ ಒಬ್ಬ, ಮೊಮ್ಮಕ್ಕಳು ಐವರು. ಇನ್ನೂ ಛೇಡಿಸುವ ಹೆಂಡತಿ ಒಬ್ಬಳು. ತಿಂಗಳಿಗೊಮ್ಮೆ ಪಿಂಚಣಿ. ಕಾಲು ಎರಡು, ಎಡಗಾಲಿನ ಮೇಲೆ ಕಲೆ ಒಂದು.